28 ಮೀಟರ್ ಅಗಲದ ಹೊಳೆ: ಎನ್‌ಸಿಸಿ ಕೆಡೆಟ್‌ಗಳಿಗೆ ಸೇನಾ ಎಂಜಿನಿಯರಿಂಗ್ ಕಲಿಸುವ ಬಗೆ

ಬಿಡಿಭಾಗಗಳನ್ನು ಸ್ಥಳದಲ್ಲೇ ಜೋಡಿಸಿ ಬೇಗ ಕಟ್ಟುವ ಬೈಲಿ ಸೇತುವೆಯ ಒಂದು ಉಕ್ಕಿನ ಪ್ಯಾನಲ್ ಸುಮಾರು 3 ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರ ಇರುತ್ತದೆ; ತೂಕ ಹತ್ತಿರ ಹತ್ತಿರ 260 ಕಿಲೋಗ್ರಾಂ. ಕ್ರೇನ್ ಬರಲಾರದ ಜಾಗದಲ್ಲಿ ಅದನ್ನು ಆರು ಜನ ಸೇರಿ ಎತ್ತಿ ಒಯ್ಯುತ್ತಾರೆ. ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ 43 ಕಿಲೋ ಬೀಳುತ್ತದೆ. ಆದರೆ ಆರರಲ್ಲಿ ಒಬ್ಬರು ಅರೆಕ್ಷಣ ತಡವಾಗಿ ಎತ್ತಿದರೂ, ಅಥವಾ ನೆಲ ಏರುಪೇರಾಗಿ ಒಬ್ಬರ ಹೆಗಲು ಕೆಳಗಿಳಿದರೂ, ಆ ಪಾಲು ಉಳಿದ ಐವರ ಮೇಲೆ ಒಮ್ಮೆಲೇ ಬರುತ್ತದೆ. ಈ ಕಾರಣಕ್ಕೇ ಸೇನೆಯ ಎಂಜಿನಿಯರ್ ದಳದಲ್ಲಿ ಪ್ಯಾನಲ್ ಎತ್ತುವುದಕ್ಕೂ ಇಳಿಸುವುದಕ್ಕೂ ಗೊತ್ತಾದ ಆದೇಶಗಳಿವೆ. ಕವಾಯತು ಮೈದಾನದಲ್ಲಿ ಬರೀ ಅಂದಕ್ಕೆಂದು ತೋರುವ ಹೆಜ್ಜೆಯ ಹೊಂದಾಣಿಕೆ ಏಕೆ ಬೇಕು ಎಂಬುದು ಕೆಡೆಟ್ ಒಬ್ಬನಿಗೆ ಮನವರಿಕೆಯಾಗುವುದು ಸಾಮಾನ್ಯವಾಗಿ ಇಂಥ ಪ್ಯಾನಲ್ ಒಂದರ ಬಳಿ.

ಸೇನಾ ಎಂಜಿನಿಯರಿಂಗ್ ಕೌಶಲಗಳನ್ನು ಯುವ ಕೆಡೆಟ್‌ಗಳಿಗೆ ಕಲಿಸುವ ಶಿಬಿರದಲ್ಲಿ ಏನು ನಡೆಯುತ್ತದೆ, ಅಲ್ಲಿ ಕಲಿಸುವ ಪ್ರತಿಯೊಂದು ಕೆಲಸದ ಹಿಂದಿನ ಕಾರಣವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ನಮ್ಮ ದೇಶದಲ್ಲಿ ಇಂಥ ಅವಕಾಶ ಮುಖ್ಯವಾಗಿ ದೊರೆಯುವುದು ರಾಷ್ಟ್ರೀಯ ಕೆಡೆಟ್ ಕೋರ್, ಅಂದರೆ ಎನ್‌ಸಿಸಿ ಮೂಲಕ. 1948ರ ಕಾಯ್ದೆಯಿಂದ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಶಾಲಾ ಮಟ್ಟದ ಕಿರಿಯ ವಿಭಾಗ, ಕಾಲೇಜು ಮಟ್ಟದ ಹಿರಿಯ ವಿಭಾಗ ಎಂದು ಎರಡು ಹಂತಗಳಿವೆ. ಹತ್ತು ದಿನಗಳ ವಾರ್ಷಿಕ ತರಬೇತಿ ಶಿಬಿರ ಎಲ್ಲರಿಗೂ ಪರಿಚಿತ. ಅದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು ‘ಅಟ್ಯಾಚ್‌ಮೆಂಟ್ ಕ್ಯಾಂಪ್’. ಇದರಲ್ಲಿ ಆಯ್ದ ಹಿರಿಯ ಕೆಡೆಟ್‌ಗಳನ್ನು ಸುಮಾರು ಎರಡು ವಾರ ಸೇನೆಯ ಒಂದು ನಿಜವಾದ ಘಟಕದೊಂದಿಗೆ ಇರಿಸಲಾಗುತ್ತದೆ. ಆ ಘಟಕ ಕಾಲಾಳು ದಳದ್ದಾದರೆ ಕಲಿಕೆ ಒಂದು ರೀತಿ, ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್‌ನದಾದರೆ ಇನ್ನೊಂದು ರೀತಿ, ಎಂಜಿನಿಯರ್ ದಳದ್ದಾದರೆ ಮತ್ತೊಂದು ರೀತಿ. ಘಟಕದ ಬಳಿ ಇರುವ ಸಾಮಗ್ರಿ, ಆ ಋತುವಿನ ನೀರು, ಬೋಧಿಸುವ ಉಸ್ತಾದರ ಅನುಭವ ಇವುಗಳಿಗೆ ತಕ್ಕಂತೆ ವಿಷಯಗಳು ಬದಲಾಗುತ್ತವೆ. ಅಡಿಪಾಯ ಮಾತ್ರ ಒಂದೇ.

ಎಂಜಿನಿಯರ್ ದಳದ ಸೈನಿಕನನ್ನು ಸ್ಯಾಪರ್ ಎನ್ನುತ್ತಾರೆ. ಅವನ ಕೆಲಸ ಮೂರು ದಿಕ್ಕಿನದು. ತನ್ನ ಸೇನೆ ಮುಂದೆ ಸಾಗಲು ದಾರಿ ಮಾಡಿಕೊಡಬೇಕು: ಸೇತುವೆ ಕಟ್ಟಬೇಕು, ನೆಲಬಾಂಬ್ ತೆಗೆಯಬೇಕು, ರಸ್ತೆಯ ಅಡ್ಡಿಗಳನ್ನು ನಿವಾರಿಸಬೇಕು. ಎದುರಾಳಿಯ ದಾರಿಯನ್ನು ತಡೆಯಬೇಕು: ಮುಳ್ಳುತಂತಿ ಹಾಕಬೇಕು, ಕಂದಕ ತೋಡಬೇಕು, ಬೇಕಾದರೆ ಸೇತುವೆಯನ್ನೇ ಉರುಳಿಸಬೇಕು. ಇವೆರಡರ ನಡುವೆ ತನ್ನವರು ಬದುಕಿ ಉಳಿಯುವಂತೆ ಮರೆ, ಕುಡಿಯುವ ನೀರು, ನೆಲೆ ಒದಗಿಸಬೇಕು. ಎರಡನೆಯದನ್ನು ಬಿಟ್ಟರೆ ಉಳಿದೆರಡು ಕೆಲಸಗಳು ಪ್ರವಾಹ, ಭೂಕುಸಿತ, ಭೂಕಂಪಗಳ ಸಂದರ್ಭದಲ್ಲಿ ನಾಗರಿಕರಿಗೆ ಬೇಕಾಗುವ ಕೆಲಸಗಳೇ ಆಗಿವೆ. ಕೆಡೆಟ್‌ಗಳ ಶಿಬಿರದಲ್ಲಿ ಒತ್ತು ಬೀಳುವುದೂ ಬೀಳಬೇಕಾದದ್ದೂ ಅವುಗಳ ಮೇಲೆಯೇ.

ಭಾರತೀಯ ಸೇನೆಯ ಎಂಜಿನಿಯರ್ ದಳದಲ್ಲಿ ಮೂರು ಹಳೆಯ ಗುಂಪುಗಳಿವೆ: ರೂರ್ಕಿಯ ಬೆಂಗಾಲ್ ಸ್ಯಾಪರ್ಸ್, ಪುಣೆ ಬಳಿಯ ಖಡಕಿಯ ಬಾಂಬೆ ಸ್ಯಾಪರ್ಸ್, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. ಕೊನೆಯದರ ಅಧಿಕೃತ ಹೆಸರು ಮದ್ರಾಸ್ ಎಂಜಿನಿಯರ್ ಗ್ರೂಪ್; ಎಲ್ಲರ ಬಾಯಲ್ಲೂ ಅದು ಎಂಇಜಿ. 1780ರಲ್ಲಿ ಹುಟ್ಟಿದ ಈ ಗುಂಪು 1834ರಿಂದ ಬೆಂಗಳೂರನ್ನು ತನ್ನ ನೆಲೆ ಮಾಡಿಕೊಂಡಿದೆ. ಹಲಸೂರು ಕೆರೆಯ ದಡದ ಅದರ ಬೇಲಿಯ ಪಕ್ಕದಲ್ಲೇ ದಿನವೂ ಓಡಾಡುವ ಬಹಳಷ್ಟು ಜನಕ್ಕೆ ಒಳಗೆ ಕಲಿಸುವುದೇನೆಂದು ತಿಳಿದಿಲ್ಲ. ಮುಳ್ಳುತಂತಿಯ ಅಡ್ಡಿಯನ್ನು ದೂರದಿಂದಲೇ ಸೀಳಲು ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಂದಕ್ಕೆ ತಳ್ಳುವ ಉಪಾಯವನ್ನು 1912ರಲ್ಲಿ ಇದೇ ಗುಂಪಿನ ಕ್ಯಾಪ್ಟನ್ ಮೆಕ್ಲಿಂಟಾಕ್ ಇಲ್ಲಿ ರೂಪಿಸಿದರು. ‘ಬ್ಯಾಂಗಲೋರ್ ಟಾರ್ಪೆಡೊ’ ಎಂಬ ಹೆಸರಿನಲ್ಲಿ ಅದು ಎರಡು ಮಹಾಯುದ್ಧಗಳಲ್ಲೂ ಬಳಕೆಯಾಯಿತು. 1944ರಲ್ಲಿ ನಾರ್ಮಂಡಿಯ ಕಡಲತೀರದಲ್ಲಿ ಇಳಿದ ಸೈನಿಕರ ಕೈಯಲ್ಲೂ ಅದಿತ್ತು.

ಇಷ್ಟು ಹಿನ್ನೆಲೆ ಸಾಕು. ಶಿಬಿರದ ತಿರುಳಿಗೆ ಬರೋಣ. ಸೇನಾ ಎಂಜಿನಿಯರಿಂಗ್ ಎಂದೊಡನೆ ಸ್ಫೋಟಕ, ಟ್ಯಾಂಕ್, ದೊಡ್ಡ ಯಂತ್ರಗಳು ಕಣ್ಣಮುಂದೆ ಬರುತ್ತವೆ. ನಿಜದಲ್ಲಿ ಅದರ ಜೀವಾಳ ಹೈಸ್ಕೂಲಿನ ರೇಖಾಗಣಿತ ಮತ್ತು ಬಲಗಳ ಲೆಕ್ಕ. ವ್ಯತ್ಯಾಸವಿರುವುದು ಸನ್ನಿವೇಶದಲ್ಲಿ: ಅಳತೆಯ ಉಪಕರಣ ಇರುವುದಿಲ್ಲ, ಸಮಯ ಸಾಲುವುದಿಲ್ಲ, ಇರುವ ಸಾಮಗ್ರಿಯಲ್ಲೇ ಕೆಲಸ ಮುಗಿಸಬೇಕು, ಲೆಕ್ಕ ತಪ್ಪಿದರೆ ಜೊತೆಗಿರುವವರ ಜೀವಕ್ಕೆ ಅಪಾಯ. ಇದನ್ನು ಸ್ಪಷ್ಟಪಡಿಸಲು ಒಂದೇ ಹೊಳೆಯನ್ನು ಇಟ್ಟುಕೊಂಡು, ಅದನ್ನು ದಾಟುವ ಕೆಲಸವನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

ಮೊದಲ ಪ್ರಶ್ನೆ, ಹೊಳೆಯ ಅಗಲವೆಷ್ಟು? ಆಚೆ ದಡಕ್ಕೆ ಹೋಗಿ ಟೇಪು ಹಿಡಿಯುವಂತಿಲ್ಲ. ಆಚೆ ದಡದ ಅಂಚಿನಲ್ಲಿರುವ ಒಂದು ಮರವನ್ನು ಗುರುತಿಸಿಕೊಂಡು, ಅದಕ್ಕೆ ನೇರ ಎದುರಾಗಿ ಈಚೆ ದಡದಲ್ಲಿ ಒಂದು ಗೂಟ ಹೊಡೆಯಬೇಕು. ಅಲ್ಲಿಂದ ಲಂಬಕೋನದಲ್ಲಿ ತಿರುಗಿ, ದಡದ ಗುಂಟ 20 ಮೀಟರ್ ನಡೆದು ಎರಡನೆಯ ಗೂಟ, ಅದೇ ಸಾಲಿನಲ್ಲಿ ಇನ್ನೂ 10 ಮೀಟರ್ ನಡೆದು ಮೂರನೆಯ ಗೂಟ. ಮೂರನೆಯ ಗೂಟದಿಂದ ಹೊಳೆಗೆ ಬೆನ್ನು ಮಾಡುವಂತೆ ಮತ್ತೆ ಲಂಬಕೋನದಲ್ಲಿ ತಿರುಗಿ ಹಿಂದಕ್ಕೆ ಸಾಗುತ್ತಾ, ಎರಡನೆಯ ಗೂಟವೂ ಆಚೆಯ ಮರವೂ ಒಂದೇ ಗೆರೆಯಲ್ಲಿ ಕಾಣುವ ಜಾಗದಲ್ಲಿ ನಿಲ್ಲಬೇಕು. ಹಾಗೆ ಸಾಗಿದ ದೂರ 14 ಮೀಟರ್ ಆಗಿದ್ದರೆ ಹೊಳೆಯ ಅಗಲ ಅದರ ಎರಡರಷ್ಟು, ಅಂದರೆ 28 ಮೀಟರ್. ಎರಡನೆಯ ಗೂಟದ ಬಳಿ ಪರಸ್ಪರ ಸಂಧಿಸುವ ಎರಡು ತ್ರಿಭುಜಗಳು ಸಮರೂಪವಾಗಿರುವುದರಿಂದ ಬಾಹುಗಳ ಪ್ರಮಾಣವೂ ಒಂದೇ ಆಗಿರುತ್ತದೆ. 20ಕ್ಕೆ 10 ಹೇಗೋ ಅಗಲಕ್ಕೆ 14 ಹಾಗೆ. ಹತ್ತನೆಯ ತರಗತಿಯಲ್ಲಿ ಪ್ರಮೇಯವೆಂದು ಉರು ಹೊಡೆದು ಅಂಕ ಪಡೆದ ವಿದ್ಯಾರ್ಥಿಗಳು, ನಾಲ್ಕು ಗೂಟ ಮತ್ತು ತಮ್ಮದೇ ಹೆಜ್ಜೆಗಳಿಂದ ಹೊಳೆಯೊಂದನ್ನು ಅಳೆಯಬಹುದೆಂದು ಕಂಡುಕೊಳ್ಳುವ ಈ ಪಾಠ ಇಡೀ ಶಿಬಿರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಹೆಜ್ಜೆಯಿಂದ ಅಳೆಯಬೇಕಾದರೆ ತನ್ನ ಹೆಜ್ಜೆಯ ಉದ್ದ ತನಗೆ ತಿಳಿದಿರಬೇಕು. ಆದ್ದರಿಂದ ಅದಕ್ಕೂ ಮುನ್ನ ಪ್ರತಿಯೊಬ್ಬರೂ 100 ಮೀಟರ್ ನಡೆದು ಹೆಜ್ಜೆ ಎಣಿಸಿಕೊಳ್ಳುವುದು ಒಳ್ಳೆಯದು.

ಅಗಲ ಗೊತ್ತಾದ ಮೇಲೆ ಸೆಳವು. ದಡದ ಗುಂಟ 30 ಮೀಟರ್ ದೂರದಲ್ಲಿ ಎರಡು ಗುರುತು ಮಾಡಿ, ಮೇಲಿನ ಗುರುತಿನ ಬಳಿ ಕಡ್ಡಿಯೊಂದನ್ನು ತೇಲಿಬಿಟ್ಟು ಕೆಳಗಿನ ಗುರುತಿಗೆ ಬರಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಬೇಕು. 20 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ಹರಿಯುವ ನೀರಿನ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಸೆಳವು ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೊಣಕಾಲು ಮುಳುಗುವಷ್ಟು ನೀರಿದ್ದ ಸೇತುವೆಯ ಮೇಲೆ ಹೋಗಲು ಯತ್ನಿಸಿ ಜನರೂ ವಾಹನಗಳೂ ಕೊಚ್ಚಿಹೋದ ಸುದ್ದಿಯನ್ನು ನಾವು ಪ್ರತಿ ಮಳೆಗಾಲದಲ್ಲೂ ಓದುತ್ತೇವೆ. ಅದರ ಹಿಂದಿರುವುದು ಇದೇ ನಿಯಮ. ನಂತರ ತಳದ ಗುಣ, ದಡಗಳ ಎತ್ತರ, ದಡ ಗಟ್ಟಿಯೋ ಕೆಸರೋ, ಅಲ್ಲಿಗೆ ಲಾರಿ ಬರಬಲ್ಲುದೋ ಎಂಬ ವಿವರಗಳನ್ನು ಕೆಡೆಟ್‌ಗಳು ಪುಟ್ಟ ನಕ್ಷೆಯೊಂದರಲ್ಲಿ ಗುರುತಿಸುತ್ತಾರೆ. ದಿಕ್ಸೂಚಿಯಿಂದ ದಿಕ್ಕು ಹಿಡಿಯುವುದು, ನಕ್ಷೆಯ ಚೌಕಗಳನ್ನು ಓದುವುದು ಎನ್‌ಸಿಸಿಯ ಸಾಮಾನ್ಯ ಪಾಠದಲ್ಲೇ ಇರುವುದರಿಂದ ಇದು ಅವರಿಗೆ ತೀರಾ ಹೊಸದಲ್ಲ.

ಮುಂದಿನದು ಹಗ್ಗ. ಕ್ಲೋವ್ ಹಿಚ್, ಬೋಲೈನ್, ರೀಫ್ ನಾಟ್, ಶೀಟ್ ಬೆಂಡ್, ಟಿಂಬರ್ ಹಿಚ್ ಮೊದಲಾದ ಗಂಟುಗಳನ್ನೂ, ಎರಡು ಬೊಂಬುಗಳನ್ನು ಅಡ್ಡಡ್ಡವಾಗಿಟ್ಟು ಬಿಗಿಯುವ ಚೌಕ ಕಟ್ಟು, ಓರೆ ಕಟ್ಟುಗಳನ್ನೂ ಕಲಿಸುತ್ತಾರೆ. ಗಂಟಿನ ಪಾಠವನ್ನು ಹೆಸರುಗಳ ಪಟ್ಟಿಯಾಗಿ ಕಲಿಸಿದರೆ ಮೂರು ದಿನದಲ್ಲಿ ಮರೆತುಹೋಗುತ್ತದೆ. ಯಾವ ಗಂಟು ಎಲ್ಲಿ ಸೋಲುತ್ತದೆ ಎಂದು ತೋರಿಸಿದರೆ ಉಳಿಯುತ್ತದೆ. ರೀಫ್ ನಾಟ್ ಸಮಾನ ದಪ್ಪದ ಎರಡು ಹಗ್ಗಗಳನ್ನು ಕಟ್ಟಲು ಸರಿ, ಆದರೆ ಒಂದು ದಪ್ಪ ಒಂದು ತೆಳುವಾದರೆ ಜಾರಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಶೀಟ್ ಬೆಂಡ್ ಬೇಕು. ಮನುಷ್ಯನ ಎದೆಯ ಸುತ್ತ ಹಾಕುವ ಕುಣಿಕೆ ಎಳೆದಷ್ಟೂ ಬಿಗಿಯಾಗುವಂತಿದ್ದರೆ ಉಸಿರು ಕಟ್ಟುತ್ತದೆ. ಆದ್ದರಿಂದ ಅಲ್ಲಿ ಗಾತ್ರ ಬದಲಾಗದ ಬೋಲೈನ್. ಹಳ್ಳಿಯ ಮನೆಗಳಿಂದ ಬಂದವರಿಗೆ, ಕಬ್ಬಿನ ಗಾಡಿಯ ಹೊರೆ ಬಿಗಿದವರಿಗೆ, ದನಗಳಿಗೆ ಕಣ್ಣಿ ಹಾಕಿ ಅಭ್ಯಾಸವಿದ್ದವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಅವರ ಕೈಯ ಆ ತಿಳಿವಳಿಕೆಗೆ ತರಗತಿಯಲ್ಲಿ ಎಂದೂ ಸಿಗದ ಮನ್ನಣೆ ಇಲ್ಲಿ ಸಿಗುವುದು ಸಂತೋಷದ ವಿಷಯ.

ಹಗ್ಗದ ಸೇತುವೆ ಕಟ್ಟುವಾಗ ಎಲ್ಲರಿಗೂ ಮೊದಲು ಹೊಳೆಯುವುದು, ಹಗ್ಗವನ್ನು ಆದಷ್ಟೂ ನೆಟ್ಟಗೆ, ಜೋಲದಂತೆ ಎಳೆದು ಕಟ್ಟಬೇಕೆಂಬುದು. ಇದು ಅಪಾಯಕಾರಿ. ನಮ್ಮ 28 ಮೀಟರ್ ಹೊಳೆಯ ಮೇಲೆ ಹಗ್ಗವೊಂದನ್ನು ಕಟ್ಟಿ, 80 ಕಿಲೋ ತೂಕದ ಒಬ್ಬರು ಅದರ ನಡುವೆ ನಿಂತಾಗ ಹಗ್ಗ ಕೇವಲ 1 ಮೀಟರ್ ಜೋತರೆ, ಹಗ್ಗದಲ್ಲಿ ಉಂಟಾಗುವ ಎಳೆತ ಸುಮಾರು 560 ಕಿಲೋ ಭಾರಕ್ಕೆ ಸಮ. ಅದೇ ಹಗ್ಗವನ್ನು ಸಡಿಲಿಸಿ 2.8 ಮೀಟರ್ ಜೋಲುವಂತೆ ಬಿಟ್ಟರೆ ಎಳೆತ ಸುಮಾರು 200 ಕಿಲೋಗೆ ಇಳಿಯುತ್ತದೆ. ಕಾರಣ ಸರಳ: ವ್ಯಕ್ತಿಯ ಭಾರವನ್ನು ಮೇಲಕ್ಕೆ ಎತ್ತಿಹಿಡಿಯುವುದು ಹಗ್ಗದ ಎಳೆತದ ಲಂಬ ಭಾಗ ಮಾತ್ರ, ಹಗ್ಗ ಅಡ್ಡಡ್ಡವಾದಷ್ಟೂ ಆ ಲಂಬ ಭಾಗ ಚಿಕ್ಕದಾಗುತ್ತದೆ, ಅದನ್ನು ಸರಿದೂಗಿಸಲು ಒಟ್ಟು ಎಳೆತ ದೊಡ್ಡದಾಗಲೇಬೇಕು. ಭಾರವನ್ನು ಎರಡು ಕವಲಿನ ಸರಪಳಿಯಿಂದ ನೇತುಹಾಕುವಾಗಲೂ ಇದೇ ನಿಯಮ. ಎರಡು ಕವಲುಗಳ ನಡುವಿನ ಕೋನ 120 ಡಿಗ್ರಿಯಾದಾಗ ಪ್ರತಿ ಕವಲೂ ಅರ್ಧ ಭಾರವನ್ನಲ್ಲ, ಪೂರ್ತಿ ಭಾರವನ್ನು ಹೊರುತ್ತಿರುತ್ತದೆ. ಕಟ್ಟಡದ ಕೆಲಸ ನಡೆಯುವಲ್ಲೂ ಬಂದರಿನಲ್ಲೂ ಸರಪಳಿ ಹರಿದು ಆಗುವ ಅಪಘಾತಗಳಲ್ಲಿ ಕೆಲವಾದರೂ ಈ ಒಂದು ಮಾತು ತಿಳಿದಿದ್ದರೆ ತಪ್ಪುತ್ತಿದ್ದವು.

ಹಗ್ಗವನ್ನು ಕಟ್ಟಲು ದಡದಲ್ಲಿ ಮರ ಇರಲೇಬೇಕೆಂದಿಲ್ಲ. ಗಟ್ಟಿಯಾದ ಗೂಟಗಳನ್ನು ಎಳೆತಕ್ಕೆ ವಿರುದ್ಧವಾಗಿ ಓರೆಯಾಗಿ ನೆಟ್ಟು, ಮುಂದಿನ ಸಾಲಿನಲ್ಲಿ ಮೂರು, ಅದರ ಹಿಂದೆ ಎರಡು, ಕೊನೆಯಲ್ಲಿ ಒಂದು ಎಂಬ ಕ್ರಮದಲ್ಲಿ, ಮುಂದಿನ ಗೂಟದ ತಲೆಯಿಂದ ಹಿಂದಿನ ಗೂಟದ ಬುಡಕ್ಕೆ ಹಗ್ಗ ಬಿಗಿದು ಹಿಡಿತ ಮಾಡುತ್ತಾರೆ. ನೆಲ ಸಡಿಲವಾಗಿದ್ದರೆ ಮರದ ದಿಮ್ಮಿಯೊಂದನ್ನು ಅಡ್ಡಲಾಗಿ ಹೂತು ಅದಕ್ಕೆ ಹಗ್ಗ ಕಟ್ಟುತ್ತಾರೆ. ರಾಟೆಗಳ ಜೋಡಣೆಯಿಂದ ಬಲ ಹೆಚ್ಚಿಸಿಕೊಳ್ಳುವುದನ್ನೂ ಇಲ್ಲೇ ಕಲಿಯುವುದು. ಭಾರವನ್ನು ನಾಲ್ಕು ಎಳೆಗಳು ಹಂಚಿಕೊಂಡರೆ ಎಳೆಯುವವರು ಹಾಕಬೇಕಾದ ಬಲ ಕಾಲುಭಾಗಕ್ಕೆ ಇಳಿಯುತ್ತದೆ, ಮೇಲೆ ಘರ್ಷಣೆಯ ಪಾಲು ಸೇರುತ್ತದೆ. ಆದರೆ ಭಾರ ಒಂದು ಮೀಟರ್ ಸರಿಯಲು ನಾಲ್ಕು ಮೀಟರ್ ಹಗ್ಗ ಎಳೆಯಬೇಕು.

ದೋಣಿಯ ಪಾಠವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಜೀವರಕ್ಷಕ ಜಾಕೆಟ್ ಹಾಕದೆ ಯಾರೂ ನೀರಿಗೆ ಇಳಿಯುವಂತಿಲ್ಲ. ಹುಟ್ಟು ಹಾಕುವವರು ಒಂದೇ ತಾಳದಲ್ಲಿ ಹಾಕಬೇಕು. ಸೆಳವು ದೋಣಿಯನ್ನು ಕೆಳಕ್ಕೆ ಒಯ್ಯುವುದರಿಂದ, ತಲುಪಬೇಕಾದ ಜಾಗಕ್ಕಿಂತ ಸಾಕಷ್ಟು ಮೇಲಿನಿಂದ ಹೊರಡಬೇಕು. ಎಷ್ಟು ಮೇಲಿನಿಂದ ಎಂಬುದನ್ನು ಹಿಂದೆ ಅಳೆದ ಸೆಳವಿನ ವೇಗವೇ ಹೇಳುತ್ತದೆ: ದಾಟಲು 40 ಸೆಕೆಂಡು ಬೇಕಾದರೆ, ಸೆಕೆಂಡಿಗೆ ಒಂದೂವರೆ ಮೀಟರ್ ಸೆಳವಿನಲ್ಲಿ ದೋಣಿ 60 ಮೀಟರ್ ಕೆಳಗೆ ಸೇರುತ್ತದೆ.

ಈಗ ಸೇತುವೆ. ಬ್ರಿಟಿಷ್ ಎಂಜಿನಿಯರ್ ಡೊನಾಲ್ಡ್ ಬೈಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940–41ರಲ್ಲಿ, ರೂಪಿಸಿದ ಈ ಸೇತುವೆಯ ಹಿಂದೆ ಒಂದೆರಡು ಕಟ್ಟುನಿಟ್ಟಾದ ನಿಬಂಧನೆಗಳಿದ್ದವು. ಯಾವ ಭಾಗವೂ ಆರು ಜನ ಹೊರಲಾರದಷ್ಟು ಭಾರ ಇರಬಾರದು. ಎಲ್ಲ ಭಾಗಗಳೂ ಸಾಮಾನ್ಯ ಸೇನಾ ಲಾರಿಯಲ್ಲಿ ಹಿಡಿಸಬೇಕು. ಪ್ಯಾನಲ್‌ಗಳನ್ನು ಉದ್ದಕ್ಕೆ ಒಂದಕ್ಕೊಂದು ಉಕ್ಕಿನ ಪಿನ್ನುಗಳಿಂದ ಜೋಡಿಸುತ್ತಾ ಹೋದರೆ ಎರಡು ಬದಿಯ ತೊಲೆಗಳಾಗುತ್ತವೆ. ಅವುಗಳ ನಡುವೆ ಅಡ್ಡ ತೊಲೆಗಳು, ಅವುಗಳ ಮೇಲೆ ಉದ್ದನೆಯ ಪಟ್ಟಿಗಳು, ಅದರ ಮೇಲೆ ಹಲಗೆ. ಬಲ ಹೆಚ್ಚು ಬೇಕಾದರೆ ಬೇರೆ ಭಾಗಗಳನ್ನು ತರಿಸಬೇಕಾಗಿಲ್ಲ. ಅದೇ ಪ್ಯಾನಲ್‌ಗಳನ್ನು ಪಕ್ಕಪಕ್ಕದಲ್ಲಿ ಎರಡು ಅಥವಾ ಮೂರು ಸಾಲಾಗಿ, ಒಂದರ ಮೇಲೊಂದು ಅಂತಸ್ತಾಗಿ ಜೋಡಿಸಬಹುದು. ‘ಡಬಲ್–ಸಿಂಗಲ್’ ಎಂದರೆ ಪ್ರತಿ ಬದಿಯಲ್ಲಿ ಎರಡು ಸಾಲು, ಒಂದು ಅಂತಸ್ತು; ‘ಟ್ರಿಪಲ್–ಡಬಲ್’ ಎಂದರೆ ಮೂರು ಸಾಲು, ಎರಡು ಅಂತಸ್ತು. ಎಂಟು ದಶಕ ಕಳೆದರೂ ಈ ವಿನ್ಯಾಸ ಬಳಕೆಯಲ್ಲಿ ಉಳಿದಿರುವುದಕ್ಕೆ ಈ ಸರಳತೆಯೇ ಕಾರಣವೆಂದು ನನ್ನ ಅಭಿಪ್ರಾಯ.

ಆದರೆ ಕೆಡೆಟ್‌ಗಳನ್ನು ನಿಜವಾಗಿ ಬೆರಗುಗೊಳಿಸುವ ಪ್ರಶ್ನೆ ಬೇರೆ. ಆಚೆ ದಡದಲ್ಲಿ ಯಾರೂ ಇಲ್ಲ, ನಡುವೆ ಕಂಬವಿಲ್ಲ, ಕ್ರೇನ್ ಇಲ್ಲ. ಹಾಗಾದರೆ 30 ಮೀಟರ್ ಉದ್ದದ ಉಕ್ಕಿನ ಸೇತುವೆ 28 ಮೀಟರ್ ಹೊಳೆಯನ್ನು ದಾಟಿ ಆಚೆ ಕೂರುವುದು ಹೇಗೆ? ಉತ್ತರ ಹೀಗಿದೆ. ಸೇತುವೆಯನ್ನು ಈಚೆ ದಡದಲ್ಲೇ ಉಕ್ಕಿನ ರೋಲರ್‌ಗಳ ಮೇಲೆ ಕಟ್ಟಿ, ಮುಂದಕ್ಕೆ ತಳ್ಳುತ್ತಾರೆ. ಬರೀ ಸೇತುವೆಯನ್ನು ತಳ್ಳಿದರೆ, ಅದರ ಅರ್ಧ ಭಾಗ, ಅಂದರೆ 15 ಮೀಟರ್, ದಡದಾಚೆ ಚಾಚುತ್ತಲೇ ಗುರುತ್ವ ಕೇಂದ್ರ ರೋಲರ್ ದಾಟಿ ಮುಂದೆ ಹೋಗಿ ಇಡೀ ರಚನೆ ಹೊಳೆಗೆ ಮಗುಚುತ್ತದೆ. ಆದ್ದರಿಂದ ಸೇತುವೆಯ ಮುಂಭಾಗಕ್ಕೆ ಅದೇ ಪ್ಯಾನಲ್‌ಗಳಿಂದ ಮಾಡಿದ, ಹಲಗೆ ಹಾಸದ, ಹಗುರವಾದ ‘ಮೂಗು’ ಒಂದನ್ನು ತಾತ್ಕಾಲಿಕವಾಗಿ ಜೋಡಿಸುತ್ತಾರೆ.

ಇಲ್ಲಿ ಲೆಕ್ಕವನ್ನು ಪೂರ್ತಿ ಮಾಡಿಯೇ ನೋಡಬೇಕು. ಸೇತುವೆಯ ಪ್ರತಿ ಮೀಟರಿಗೆ ಮೂರು ಪಾಲು ತೂಕ, ಮೂಗಿನ ಪ್ರತಿ ಮೀಟರಿಗೆ ಒಂದು ಪಾಲು ತೂಕ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಮೂಗಿನ ಉದ್ದ 18 ಮೀಟರ್ ಇರಲಿ. ಸೇತುವೆಯ ತೂಕ 90 ಪಾಲು, ಅದರ ನಡುಬಿಂದು ಹಿಂತುದಿಯಿಂದ 15 ಮೀಟರ್ ದೂರದಲ್ಲಿದೆ. ಮೂಗಿನ ತೂಕ 18 ಪಾಲು, ಅದರ ನಡುಬಿಂದು ಹಿಂತುದಿಯಿಂದ 39 ಮೀಟರ್ ದೂರದಲ್ಲಿದೆ. ಎರಡನ್ನೂ ಸೇರಿಸಿದರೆ ಒಟ್ಟು ಗುರುತ್ವ ಕೇಂದ್ರ ಹಿಂತುದಿಯಿಂದ 19 ಮೀಟರ್ ದೂರದಲ್ಲಿ ಬೀಳುತ್ತದೆ. ಒಟ್ಟು ಉದ್ದ 48 ಮೀಟರ್ ಆದ್ದರಿಂದ, ಮಗುಚುವ ಮುನ್ನ ದಡದಾಚೆ 29 ಮೀಟರ್ ಚಾಚಬಹುದು. ಹೊಳೆ 28 ಮೀಟರ್. ಮೂಗಿನ ತುದಿ ಆಚೆ ದಡದ ರೋಲರ್ ಮೇಲೆ ಕೂರುವ ಹೊತ್ತಿಗೂ ಗುರುತ್ವ ಕೇಂದ್ರ ಈಚೆ ದಡದ ರೋಲರ್‌ನ ಹಿಂದೆ 1 ಮೀಟರ್ ಒಳಗೇ ಇರುತ್ತದೆ. ನಿಜವಾದ ಕೆಲಸದಲ್ಲಿ ಇಷ್ಟು ಕಡಿಮೆ ಅಂತರವನ್ನು ನೆಚ್ಚಿಕೊಳ್ಳುವುದಿಲ್ಲ. ಮೂಗನ್ನು ಇನ್ನೂ ಉದ್ದ ಮಾಡುತ್ತಾರೆ ಅಥವಾ ಹಿಂಭಾಗಕ್ಕೆ ಭಾರ ಹೇರುತ್ತಾರೆ. ಜೊತೆಗೆ, ಗಾಳಿಯಲ್ಲಿ ಚಾಚಿದ ಮೂಗಿನ ತುದಿ ತನ್ನ ತೂಕಕ್ಕೇ ಬಾಗುವುದರಿಂದ, ಜೋಡಣೆಯಲ್ಲಿ ಪುಟ್ಟ ಉಕ್ಕಿನ ಕೊಂಡಿಗಳನ್ನು ಸೇರಿಸಿ ಮೂಗನ್ನು ಮೊದಲೇ ಕೊಂಚ ಮೇಲ್ಮುಖವಾಗಿಸುತ್ತಾರೆ. ಮೂಗು ಆಚೆ ತಲುಪಿದ ಮೇಲೆ ಅದನ್ನು ಬಿಚ್ಚಿ, ಸೇತುವೆಯನ್ನು ಜಾಕ್‌ಗಳಿಂದ ಇಳಿಸಿ ಕೂರಿಸಿ, ಎರಡೂ ತುದಿಗೆ ಇಳಿಜಾರು ಜೋಡಿಸಿದರೆ ಕೆಲಸ ಮುಗಿಯಿತು.

ಈ ಜ್ಞಾನದ ಬೆಲೆ ಏನೆಂಬುದನ್ನು 2024ರಲ್ಲಿ ದೇಶವೇ ಕಂಡಿತು. ಆ ವರ್ಷದ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡು ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದಾಗ, ಎರಡನ್ನೂ ಬೆಸೆದಿದ್ದ ಸೇತುವೆ ಕೊಚ್ಚಿಹೋಗಿ ಆಚೆ ದಡಕ್ಕೆ ಮಣ್ಣು ಅಗೆಯುವ ಯಂತ್ರಗಳನ್ನು ಒಯ್ಯಲಾಗಲಿಲ್ಲ. ಬೆಂಗಳೂರಿನ ಎಂಇಜಿಯ ಸೈನಿಕರು ಮೇಜರ್ ಸೀತಾ ಅಶೋಕ್ ಶೆಲ್ಕೆ ಅವರ ಮುಂದಾಳತ್ವದಲ್ಲಿ 190 ಅಡಿ ಉದ್ದದ, 24 ಟನ್ ಭಾರ ಹೊರಬಲ್ಲ ಬೈಲಿ ಸೇತುವೆಯನ್ನು ಸುಮಾರು 31 ಗಂಟೆಗಳಲ್ಲಿ ಕಟ್ಟಿ, ಆಗಸ್ಟ್ 1ರ ಸಂಜೆ ಸಂಚಾರಕ್ಕೆ ಬಿಟ್ಟರು. ಒಂದು ಪ್ಯಾನಲ್ 10 ಅಡಿ ಉದ್ದವಾದ್ದರಿಂದ 190 ಅಡಿ ಎಂದರೆ 19 ಅಂಕಣ. ಮಳೆಯಲ್ಲಿ, ಕೆಸರಿನಲ್ಲಿ, ನಿದ್ದೆಯಿಲ್ಲದೆ ಮಾಡಿದ ಈ ಕೆಲಸವನ್ನು ಜನ ಪವಾಡವೆಂದು ಹೊಗಳಿದರು. ಹೊಗಳಿಕೆ ಅವರಿಗೆ ಪೂರ್ತಿ ಸಲ್ಲುತ್ತದೆ. ಆದರೆ ಅದು ಪವಾಡವಲ್ಲ. ಯಾರು ಯಾವ ಪಿನ್ ಹಿಡಿದು ಎಲ್ಲಿ ನಿಲ್ಲಬೇಕು ಎಂಬುದು ನೂರಾರು ಬಾರಿಯ ಅಭ್ಯಾಸದಿಂದ ಕೈಗೆ ಗೊತ್ತಿದ್ದುದರಿಂದ ಮಾತ್ರ ಅಷ್ಟು ಬೇಗ ಮುಗಿಯಿತು. ಹೆಣ್ಣುಮಕ್ಕಳಿಗೆ ಎಂಜಿನಿಯರ್ ದಳದ ಕೆಲಸ ಒಗ್ಗದೆಂಬ ಹಳೆಯ ಮಾತಿಗೂ ಆ ದಿನದ ಚಿತ್ರಗಳು ಉತ್ತರ ಕೊಟ್ಟವು.

ಸೇತುವೆಯಷ್ಟೇ ಗಂಭೀರವಾದ ಇನ್ನೊಂದು ಪಾಠ ನೆಲಬಾಂಬಿನದು. ಕೆಡೆಟ್‌ಗಳ ಕೈಗೆ ಜೀವಂತ ಸ್ಫೋಟಕವನ್ನು ಕೊಡುವುದಿಲ್ಲ, ಕೊಡಲೂಬಾರದು. ಅಭ್ಯಾಸವೆಲ್ಲ ಟೊಳ್ಳು ಮಾದರಿಗಳ ಮೇಲೆ. ಶೋಧಕ ಯಂತ್ರ ಲೋಹವನ್ನು ಹುಡುಕುತ್ತದೆ. ಲೋಹ ಅತ್ಯಲ್ಪವಿರುವ ಪ್ಲಾಸ್ಟಿಕ್ ನೆಲಬಾಂಬ್ ಅದಕ್ಕೆ ಸುಲಭವಾಗಿ ಸಿಗುವುದಿಲ್ಲ. ಆಗ ಉಳಿಯುವುದು ಚುಚ್ಚುಗೋಲು ಮತ್ತು ಸಹನೆ. ಚುಚ್ಚುಗೋಲನ್ನು ನೆಲಕ್ಕೆ ನೇರವಾಗಿ ಅಲ್ಲದೆ ಓರೆಯಾಗಿ ತೂರಿಸುವುದಕ್ಕೆ ಕಾರಣವಿದೆ: ಒತ್ತಡಕ್ಕೆ ಸಿಡಿಯುವ ಫಲಕ ಬಾಂಬಿನ ಮೇಲ್ಭಾಗದಲ್ಲಿರುತ್ತದೆ, ಓರೆಯಾಗಿ ಹೋದ ಗೋಲು ಅದರ ಪಕ್ಕವನ್ನು ಮುಟ್ಟುತ್ತದೆ. ತೆರವು ಮಾಡಿದ ದಾರಿಯ ಎರಡೂ ಅಂಚಿಗೆ ಬಿಳಿ ಪಟ್ಟಿ ಹಾಸುತ್ತಾರೆ. ಸಾಮಾನ್ಯ ಪ್ರಜೆಗೆ ಇದರಲ್ಲಿ ಬೇಕಾದ ಪಾಠ ಚಿಕ್ಕದು: ಅನುಮಾನ ಬರುವ ವಸ್ತು ಕಂಡರೆ ಮುಟ್ಟಬಾರದು, ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು, ಜಾಗವನ್ನು ಗುರುತಿಸಿ ಬಲ್ಲವರಿಗೆ ತಿಳಿಸಬೇಕು.

ಈ ಪಾಠ ನಡೆಯುವಾಗ ಕರ್ನಾಟಕದ ಕೆಡೆಟ್‌ಗಳು ಕೇಳಲೇಬೇಕಾದ ಹೆಸರು ರಾಮ ರಾಘೋಬ ರಾಣೆ. ಕಾರವಾರ ಬಳಿಯ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದ ಅವರು ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಆಗಿ, 1948ರ ಏಪ್ರಿಲ್ 8ರಿಂದ 11ರವರೆಗೆ ಜಮ್ಮುವಿನ ನೌಶೇರಾ–ರಜೌರಿ ಹಾದಿಯಲ್ಲಿ ನಮ್ಮ ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಟ್ಟರು. ಮೊದಲ ದಿನವೇ ಅವರ ತಂಡದ ಮೇಲೆ ಮಾರ್ಟರ್ ದಾಳಿಯಾಗಿ ಇಬ್ಬರು ಮಡಿದರು, ರಾಣೆಯವರೂ ಗಾಯಗೊಂಡರು. ಆದರೂ ಗುಂಡಿನ ಮಳೆಯ ನಡುವೆ ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಚಾಲಕನಿಗೆ ಹಗ್ಗದ ಮೂಲಕ ನಿಲ್ಲು, ಸಾಗು ಎಂದು ಸೂಚನೆ ಕೊಡುತ್ತಾ ಅದನ್ನು ನೆಲಬಾಂಬ್‌ಗಳ ನಡುವೆ ನಡೆಸಿದರು. ಮುಂದಿನ ದಿನಗಳಲ್ಲಿ ಬಿದ್ದ ಮರಗಳನ್ನೂ ಕಡಿದುಹೋದ ರಸ್ತೆಯನ್ನೂ ತೆರವು ಮಾಡುತ್ತಲೇ ಹೋದರು. ಪರಮವೀರ ಚಕ್ರವನ್ನು ಜೀವಂತವಾಗಿರುವಾಗಲೇ ಪಡೆದವರಲ್ಲಿ ಅವರೇ ಮೊದಲಿಗರು. ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರುವರಿ 24ರಂದು ಇಟಲಿಯಲ್ಲಿ, ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಮ್ಮ ದೇಹವನ್ನೇ ಹಾಕಿ ಸಂಗಡಿಗರನ್ನು ಉಳಿಸಿದರು. ಮರಣೋತ್ತರವಾಗಿ ಬ್ರಿಟನ್ನಿನ ಉನ್ನತ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಪಡೆದರು. ಈ ಹೆಸರುಗಳನ್ನು ಗೋಡೆಯ ಮೇಲಿನ ಚಿತ್ರಗಳಾಗಿ ಮಾತ್ರ ಉಳಿಸದೆ, ಚುಚ್ಚುಗೋಲು ಹಿಡಿದ ಕೈಗಳಿಗೆ ಅವರು ಮಾಡಿದ ಕೆಲಸದ ವಿವರವನ್ನೇ ಹೇಳಬೇಕು.

ಮರಳು ಚೀಲ ತೀರಾ ಸಾಮಾನ್ಯವೆಂದು ಕಾಣುತ್ತದೆ, ಆದರೆ ಅದರಲ್ಲೂ ಕ್ರಮವಿದೆ. ಚೀಲವನ್ನು ಪೂರ್ತಿ ತುಂಬಬಾರದು. ಮುಕ್ಕಾಲು ತುಂಬಿದರೆ ಬಡಿದಾಗ ಚಪ್ಪಟೆಯಾಗಿ ಪಕ್ಕದ ಚೀಲಕ್ಕೆ ಅಂಟಿಕೊಳ್ಳುತ್ತದೆ, ಬಿರಿಯುವಷ್ಟು ತುಂಬಿದರೆ ಚೀಲಗಳ ನಡುವೆ ಸಂದು ಉಳಿದು ಗುಂಡಾಗಲಿ ನೀರಾಗಲಿ ಒಳ ಬರುತ್ತದೆ. ಇಟ್ಟಿಗೆ ಗೋಡೆಯಲ್ಲಿ ಮಾಡುವಂತೆ ಒಂದು ವರಸೆ ಅಡ್ಡ, ಒಂದು ವರಸೆ ಉದ್ದ ಇಟ್ಟು, ಕೆಳಗಿನ ಸಂದು ಮೇಲಿನ ಚೀಲದ ನಡುವೆ ಬರುವಂತೆ ನೋಡಿಕೊಳ್ಳಬೇಕು. ಬಾಯಿಯನ್ನು ಒಳಕ್ಕೆ ಮಡಚಬೇಕು. ಕೆರೆಯ ಏರಿ ಬಿರುಕು ಬಿಟ್ಟಾಗ, ಕಾಲುವೆ ಒಡೆದಾಗ ಊರವರು ಆತುರದಲ್ಲಿ ಎಸೆದ ಚೀಲಗಳು ಕೊಚ್ಚಿಹೋಗುವುದಕ್ಕೂ ಕ್ರಮವಾಗಿ ಕಟ್ಟಿದ ಚೀಲಗಳು ನಿಲ್ಲುವುದಕ್ಕೂ ಇರುವ ಅಂತರ ಇಷ್ಟೇ.

ನೆರೆ ಇಳಿದ ಮೇಲೆ ಜೀವ ತೆಗೆಯುವುದು ಹೆಚ್ಚಾಗಿ ಕುಡಿಯುವ ನೀರು. ಬಾವಿಯ ನೀರಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕೆಂದು ಕಣ್ಣಂದಾಜಿನಲ್ಲಿ ಹೇಳಲಾಗದು, ಏಕೆಂದರೆ ಕೊಳೆ ಹೆಚ್ಚಿದ್ದಷ್ಟೂ ಕ್ಲೋರಿನ್ ಅದರಲ್ಲೇ ವ್ಯಯವಾಗುತ್ತದೆ. ಇದಕ್ಕೆ ಹಾರಾಕ್ಸ್ ಪರೀಕ್ಷೆ ಎಂಬ ಹಳೆಯ, ಅಗ್ಗದ, ನಂಬಿಕಾರ್ಹ ವಿಧಾನವಿದೆ. ಕಪ್ಪು ಬಟ್ಟಲಿನಲ್ಲಿ 2 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ದ್ರಾವಣ ಮಾಡಿಕೊಂಡು, ಪರೀಕ್ಷಿಸಬೇಕಾದ ನೀರು ತುಂಬಿದ ಆರು ಬಿಳಿ ಬಟ್ಟಲುಗಳಿಗೆ ಕ್ರಮವಾಗಿ ಒಂದು ಹನಿ, ಎರಡು ಹನಿ, ಹೀಗೆ ಆರು ಹನಿಯವರೆಗೆ ಹಾಕಿ ಕಲಕಿ, ಅರ್ಧ ಗಂಟೆ ಬಿಡಬೇಕು. ನಂತರ ಪ್ರತಿ ಬಟ್ಟಲಿಗೂ ಮೂರು ಹನಿ ಸೂಚಕ ದ್ರಾವಣ ಹಾಕಿದರೆ, ಕ್ಲೋರಿನ್ ಉಳಿದಿರುವ ಬಟ್ಟಲುಗಳು ನೀಲಿಯಾಗುತ್ತವೆ. ಸ್ಪಷ್ಟವಾಗಿ ನೀಲಿಯಾದ ಮೊದಲ ಬಟ್ಟಲು ಮೂರನೆಯದಾದರೆ, 455 ಲೀಟರ್ ನೀರಿಗೆ ಈ ಪರೀಕ್ಷೆಯ 2 ಗ್ರಾಂ ಅಳತೆಯ ಮೂರು ಚಮಚ, ಅಂದರೆ 6 ಗ್ರಾಂ ಪೌಡರ್ ಬೇಕು. ಸೇತುವೆ ಕಟ್ಟುವ ಸಂದರ್ಭ ಕೆಡೆಟ್‌ನ ಬದುಕಿನಲ್ಲಿ ಮತ್ತೆ ಬಾರದಿರಬಹುದು. ತನ್ನ ಊರಿನ ಬಾವಿಯ ನೀರನ್ನು ಶುದ್ಧ ಮಾಡುವ ಸಂದರ್ಭ ಖಂಡಿತ ಬರಬಹುದು. ಆದ್ದರಿಂದ ಇದಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕಲಿಸುವ ವಿಧಾನದ ಬಗ್ಗೆ ಒಂದು ಮಾತು. ಸೇನೆಯ ಉಸ್ತಾದರು ಮೊದಲು ಹೇಳುತ್ತಾರೆ, ಆಮೇಲೆ ಮಾಡಿ ತೋರಿಸುತ್ತಾರೆ, ಆಮೇಲೆ ಮಾಡಿಸುತ್ತಾರೆ, ತಪ್ಪಿದರೆ ಮತ್ತೆ ಮಾಡಿಸುತ್ತಾರೆ. ಬೋಧನೆ ಹೆಚ್ಚಾಗಿ ಹಿಂದಿಯಲ್ಲಿ ನಡೆಯುವುದರಿಂದ ನಮ್ಮ ಗ್ರಾಮೀಣ ಕಾಲೇಜುಗಳ ಕೆಡೆಟ್‌ಗಳಿಗೆ ಆರಂಭದಲ್ಲಿ ತೊಡಕಾಗುತ್ತದೆ. ಕೈಕೆಲಸ ಶುರುವಾದ ಮೇಲೆ ಭಾಷೆಯ ಅಡ್ಡಿ ಬಹಳ ಮಟ್ಟಿಗೆ ಕರಗುತ್ತದೆ. ಶಿಬಿರ ಸೋಲುವುದು ಎಲ್ಲಿ ಎಂದರೆ, ಸಮಯದ ಅಭಾವದಿಂದ ಸೈನಿಕರು ಸೇತುವೆ ಕಟ್ಟುವುದನ್ನು ಕೆಡೆಟ್‌ಗಳು ಸಾಲಾಗಿ ಕೂತು ನೋಡುವಂತಾದಾಗ. ಹತ್ತು ವಿಷಯಗಳನ್ನು ತೋರಿಸುವ ಬದಲು ಮೂರನ್ನು ಅವರಿಂದಲೇ ಮಾಡಿಸಿ, ಎತ್ತುವ ಮುನ್ನ ಕಾಗದದ ಮೇಲೆ ಲೆಕ್ಕ ಹಾಕಿಸಿ, ಲೆಕ್ಕವೂ ನೆಲದ ಮೇಲಿನ ಫಲವೂ ಎಲ್ಲಿ ಕೂಡಲಿಲ್ಲ ಎಂದು ಚರ್ಚಿಸುವುದು ಎಷ್ಟೋ ಮೇಲು.

ಎನ್‌ಸಿಸಿ ಸೇರಿದವರಿಗೆ ಸೇನೆಗೆ ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ಸೇರಬಯಸುವವರಿಗೆ ಮಾತ್ರ ದಾರಿಗಳಿವೆ. ಎನ್‌ಸಿಸಿಯ ಕೊನೆಯ ಹಂತದ ‘ಸಿ’ ಪ್ರಮಾಣಪತ್ರದಲ್ಲಿ ಕನಿಷ್ಠ ‘ಬಿ’ ಶ್ರೇಣಿ, ಪದವಿಯಲ್ಲಿ ಶೇ 50 ಅಂಕ ಇರುವ ಯುವಕ ಯುವತಿಯರು ಲಿಖಿತ ಪರೀಕ್ಷೆಯಿಲ್ಲದೆ, ಅರ್ಜಿಗಳ ಪರಿಶೀಲನೆಯ ನಂತರ ನೇರವಾಗಿ ಸೇನಾಧಿಕಾರಿಗಳನ್ನು ಆಯ್ಕೆ ಮಾಡುವ ಮಂಡಳಿಯಾದ ಎಸ್‌ಎಸ್‌ಬಿಯ ಸಂದರ್ಶನಕ್ಕೆ ಹೋಗಬಹುದು. ಗೆದ್ದವರಿಗೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ತರಬೇತಿ. ಎಂಜಿನಿಯರಿಂಗ್ ಪದವೀಧರರಿಗೆ ಪ್ರತ್ಯೇಕ ತಾಂತ್ರಿಕ ಪ್ರವೇಶಗಳೂ ಇವೆ. ಶಿಬಿರದ ಪ್ರಕಟಣೆ ಕಾಲೇಜಿನ ಅಸೋಸಿಯೇಟ್ ಎನ್‌ಸಿಸಿ ಅಧಿಕಾರಿಯ, ಅಂದರೆ ಎನ್‌ಸಿಸಿಯ ಹೊಣೆ ಹೊತ್ತ ಅಧ್ಯಾಪಕರ, ಮೂಲಕ ಬರುತ್ತದೆ. ಸ್ಥಾನಗಳು ಕಡಿಮೆ ಇರುವುದರಿಂದ ಪರೇಡಿನ ಹಾಜರಿ, ದೇಹದಾರ್ಢ್ಯ, ವೈದ್ಯಕೀಯ ಅರ್ಹತೆಗಳನ್ನು ನೋಡಿ ಆಯ್ಕೆ ಮಾಡುತ್ತಾರೆ. ಆಯ್ಕೆಯಾದವರು ಹೊರಡುವ ಮುನ್ನ ಈಜು ಕಲಿತಿದ್ದರೆ, ಬೋಲೈನ್ ಮತ್ತು ಕ್ಲೋವ್ ಹಿಚ್ ಎರಡನ್ನಾದರೂ ಕತ್ತಲಲ್ಲೂ ಹಾಕಬಲ್ಲಷ್ಟು ಅಭ್ಯಾಸ ಮಾಡಿಕೊಂಡಿದ್ದರೆ, ಸಮರೂಪ ತ್ರಿಭುಜಗಳ ಅಧ್ಯಾಯವನ್ನು ಒಮ್ಮೆ ತಿರುವಿ ಹಾಕಿದ್ದರೆ, ಮೊದಲ ದಿನದಿಂದಲೇ ಉಸ್ತಾದರ ಜೊತೆ ಹೆಜ್ಜೆ ಹಾಕಬಹುದು.